ಅಂಚಿನಿಂದ ಶುರುಮಾಡಿ: ಇಂಗ್ಲೆಂಡಿನ ಹಳೆಯ ಚರ್ಚುಗಳ ದೀಕ್ಷಾಸ್ನಾನದ ತೊಟ್ಟಿಯನ್ನು ಓದುವ ಬಗೆ

ಇಂಗ್ಲೆಂಡಿನ ಹಳ್ಳಿಗಳ ಹಳೆಯ ಚರ್ಚುಗಳಲ್ಲಿ ಬಾಗಿಲು ದಾಟಿದ ಕೂಡಲೇ, ಹತ್ತಿರದಲ್ಲೇ ಒಂದು ಕಲ್ಲಿನ ತೊಟ್ಟಿ ಕಾಣುತ್ತದೆ. ಮೇಲೆ ಮರದ ಮುಚ್ಚಳ, ಮುಚ್ಚಳದ ಮೇಲೆ ಯಾರೋ ಇಟ್ಟ ಹೂದಾನಿ. ಬಂದವರು ಅದನ್ನು ಬಳಸಿಕೊಂಡು ಬಣ್ಣದ ಗಾಜಿನ ಕಿಟಕಿಯತ್ತ ನಡೆದುಬಿಡುತ್ತಾರೆ. ಆ ಕಿಟಕಿ ಬಹಳ ಸಲ 19ನೇ ಶತಮಾನದ್ದು. ಹಿಂದೆ ಬಿಟ್ಟುಬಂದ ತೊಟ್ಟಿ 12ನೇ ಶತಮಾನದ್ದಿರಬಹುದು.

ಮಗುವಿಗೆ ಹೆಸರಿಟ್ಟು ಸಭೆಗೆ ಸೇರಿಸಿಕೊಳ್ಳುವ ವಿಧಿಯನ್ನು ಕನ್ನಡ ಕ್ರೈಸ್ತರಲ್ಲಿ ಕೆಲವರು ದೀಕ್ಷಾಸ್ನಾನ ಎನ್ನುತ್ತಾರೆ, ಕೆಲವರು ಜ್ಞಾನಸ್ನಾನ ಎನ್ನುತ್ತಾರೆ. ಆ ವಿಧಿ ನಡೆಯುವ ತೊಟ್ಟಿಗೆ ಇಂಗ್ಲಿಷರು ಫಾಂಟ್ ಎನ್ನುತ್ತಾರೆ. ಮಧ್ಯಯುಗದಲ್ಲಿ ಈ ವಿಧಿ ನಡೆಸುವ ಹಕ್ಕು ಪ್ಯಾರಿಷ್ ಚರ್ಚಿನದು, ಅಂದರೆ ಊರು ಮತ್ತು ಅದರ ಸೀಮೆಗೆ ಹೊಣೆಯಾದ ಚರ್ಚಿನದು. ಸುತ್ತಲಿನ ಸಣ್ಣ ಚಾಪೆಲ್‌ಗಳಿಗೆ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ತೊಟ್ಟಿ ಇದೆ ಎಂದರೆ ಅದು ಊರಿನ ಮುಖ್ಯ ಚರ್ಚು ಎಂದೇ ಅರ್ಥ. ಹೀಗಾಗಿ ಗೋಡೆ ಕೆಡವಿ ಕಟ್ಟಿದರೂ, ಕಿಟಕಿ ಹಿಗ್ಗಿಸಿದರೂ, ಗೋಪುರ ಎತ್ತರಿಸಿದರೂ ಜನ ತೊಟ್ಟಿಯನ್ನು ಬಿಟ್ಟುಕೊಡಲಿಲ್ಲ. ಚರ್ಚಿನ ಚರಿತ್ರೆ ತಿಳಿಯಬೇಕಾದವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಅದರಲ್ಲೂ ಮೊದಲು ನೋಡಬೇಕಾದದ್ದು ಕೆತ್ತನೆಯನ್ನಲ್ಲ, ತೊಟ್ಟಿಯ ಬಾಯಿಯ ಅಂಚನ್ನು.

ಉದಾಹರಣೆಗೆ ಹ್ಯಾಂಪ್‌ಶೈರ್ ಕೌಂಟಿಯ ಈಸ್ಟ್ ಮೀಯನ್ ಹಳ್ಳಿಯ ಆಲ್ ಸೇಂಟ್ಸ್ ಚರ್ಚನ್ನು ಇಟ್ಟುಕೊಳ್ಳೋಣ. ಲಂಡನ್ ವಾಟರ್‌ಲೂ ನಿಲ್ದಾಣದಿಂದ ಪೀಟರ್ಸ್‌ಫೀಲ್ಡ್‌ಗೆ ನೇರ ರೈಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 8 ಕಿಲೋಮೀಟರ್. ಹಳ್ಳಿಯ ಬಸ್ಸುಗಳು ವಿರಳ, ಹೊರಡುವ ಮುಂಚೆಯೇ ಮರಳುವ ಬಸ್ಸಿನ ಸಮಯ ನೋಡಿಟ್ಟುಕೊಳ್ಳಿ.

ಹೊರಡುವ ಮುನ್ನ

ಭಾನುವಾರ ಬೆಳಿಗ್ಗೆ ಬೇಡ, ಆರಾಧನೆ ನಡೆಯುತ್ತಿರುತ್ತದೆ. ಶನಿವಾರ ಮದುವೆ ಇರಬಹುದು. ವಾರದ ನಡುವಿನ ದಿನ, ಬೆಳಿಗ್ಗೆ ಹತ್ತರ ನಂತರ ಹೋದರೆ ಬಹುಪಾಲು ಹಳ್ಳಿ ಚರ್ಚುಗಳು ತೆರೆದಿರುತ್ತವೆ. ಚರ್ಚ್ ಆಫ್ ಇಂಗ್ಲೆಂಡಿನ ‘ಎ ಚರ್ಚ್ ನಿಯರ್ ಯು’ ಜಾಲತಾಣದಲ್ಲಿ ಆರಾಧನೆಯ ವೇಳೆಯೂ ಸಂಪರ್ಕವೂ ಸಿಗುತ್ತದೆ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿ ಚರ್ಚಿನ ಹೆಸರು ಹಾಕಿ ಹುಡುಕಿದರೆ ಯಾವ ಭಾಗ ಯಾವ ಶತಮಾನದ್ದು ಎಂಬ ಚಿಕ್ಕ ವಿವರಣೆ ಸಿಗುತ್ತದೆ. ಈಸ್ಟ್ ಮೀಯನ್ ಚರ್ಚು ಅಲ್ಲಿ ಮೊದಲ ದರ್ಜೆಯದು. 12ನೇ ಶತಮಾನದ ಕೆತ್ತನೆಗಾದರೆ ಬ್ರಿಟನ್ ಮತ್ತು ಐರ್ಲೆಂಡಿನ ರೋಮನೆಸ್ಕ್ (ಅರ್ಧವೃತ್ತ ಕಮಾನಿನ ಆ ಕಾಲದ ಶೈಲಿ) ಶಿಲ್ಪಗಳ ಕಾರ್ಪಸ್ ಎಂಬ ಉಚಿತ ಜಾಲತಾಣವಿದೆ. ಆದರೆ ಅಲ್ಲಿನ ವಿವರಣೆಯನ್ನು ನೋಡಿ ಬಂದ ಮೇಲೆ ಓದಿ. ಮೊದಲೇ ಓದಿದರೆ ಕಣ್ಣು ಅವರು ಹೇಳಿದ್ದನ್ನಷ್ಟೇ ಹುಡುಕುತ್ತದೆ.

ಚೀಲದಲ್ಲಿ ಇಷ್ಟಿರಲಿ: ಸಣ್ಣ ಎಲ್‌ಇಡಿ ಟಾರ್ಚು, ದರ್ಜಿಗಳು ಬಳಸುವ ಬಟ್ಟೆಯ ಅಳತೆಪಟ್ಟಿ, ಪೆನ್ಸಿಲ್, ಪುಸ್ತಕ, ಅಂಗೈ ಅಗಲದ ಕನ್ನಡಿ, ಮಂಡಿಯ ಕೆಳಗೆ ಹಾಕಲು ದಪ್ಪ ಬಟ್ಟೆ. ಉಕ್ಕಿನ ಟೇಪು ಬೇಡ, ಅದು ಜಾರಿ ಬಿದ್ದರೆ ಅಂಚು ಗೀರುತ್ತದೆ. ಸೀಮೆಸುಣ್ಣ, ಹಿಟ್ಟು, ನೀರು, ಬ್ರಷ್ ಯಾವುದೂ ಬೇಡವೇ ಬೇಡ. ಅಕ್ಷರ ಕಾಣಲಿ ಎಂದು ಹಿಟ್ಟು ತುಂಬುವ ಹಳೆಯ ಅಭ್ಯಾಸ ಕಲ್ಲಿನ ರಂಧ್ರಗಳಲ್ಲಿ ತೇವ ಹಿಡಿದಿಟ್ಟು ಪಾಚಿ ಬರಿಸುತ್ತದೆ. ಕೆತ್ತನೆಯ ಮಡಿಕೆಗಳಲ್ಲಿ ಮಧ್ಯಯುಗದ ಬಣ್ಣದ ಕಣ ಉಳಿದಿರಬಹುದು, ಬ್ರಷ್ ತಾಗಿದರೆ ಅದೂ ಹೋಗುತ್ತದೆ.

ಹೊರಗಿನ ಒಂದು ಸುತ್ತು

ಒಳಗೆ ಹೋಗುವ ಮೊದಲು ಚರ್ಚನ್ನು ಒಮ್ಮೆ ಪ್ರದಕ್ಷಿಣೆ ಹಾಕಿ. ಹತ್ತು ನಿಮಿಷ ಸಾಕು. ಬಲಿಪೀಠ ಪೂರ್ವಕ್ಕೆ, ಹೆಚ್ಚಾಗಿ ಗೋಪುರ ಪಶ್ಚಿಮಕ್ಕೆ, ಬಾಗಿಲು ದಕ್ಷಿಣಕ್ಕೆ. ಈಸ್ಟ್ ಮೀಯನ್‌ನಲ್ಲಿ ಮಾತ್ರ ಗೋಪುರ ನಡುವೆ ಇದೆ, ಅದರ ಮೇಲೆ ಸೀಸದ ಹೊದಿಕೆಯ ಚೂಪು ಶಿಖರ. ಕಿಟಕಿಗಳ ತಲೆ ನೋಡಿದರೆ ಕಾಲದ ಸುಳಿವು ಸಿಗುತ್ತದೆ. ಅರ್ಧವೃತ್ತದ ಕಮಾನು ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದ್ದು, ಅಂದರೆ 1066ರಿಂದ ಸುಮಾರು 1190ರವರೆಗೆ. ಕಿರಿದಾಗಿ ಚೂಪಾಗಿರುವ ಒಂಟಿ ಕಿಟಕಿ 13ನೇ ಶತಮಾನದ ಮೊದಲರ್ಧ. ಕಲ್ಲಿನ ಬಳ್ಳಿಯಂಥ ಜಾಲರಿ ಇದ್ದರೆ 1250ರಿಂದ 1350. ನೆಟ್ಟಗಿನ ಕಂಬಿಗಳ ಅಗಲ ಕಿಟಕಿ ಆಮೇಲಿನದು, 16ನೇ ಶತಮಾನದ ಆರಂಭದವರೆಗೂ. ಈಸ್ಟ್ ಮೀಯನ್ ಗೋಪುರದ ಕಮಾನುಗಳು ಅರ್ಧವೃತ್ತದವು. ದಕ್ಷಿಣದ ಪಕ್ಕಸಾಲು 13ನೇ ಶತಮಾನದ ಸೇರ್ಪಡೆ. ಊರು ವಿಂಚೆಸ್ಟರ್ ಬಿಷಪ್ಪರ ಜಹಗೀರಿಯಾಗಿತ್ತು. ಇದು ನೆನಪಿನಲ್ಲಿರಲಿ, ತೊಟ್ಟಿಯ ಮುಂದೆ ನಿಂತಾಗ ಬೇಕಾಗುತ್ತದೆ.

ಈಗ ಅಂಚು

ಒಳಗೆ ಬಂದು ಕಣ್ಣು ಮಬ್ಬು ಬೆಳಕಿಗೆ ಹೊಂದಲಿ. ಮುಚ್ಚಳ ಎತ್ತಲು ಕೈ ಹಾಕಬೇಡಿ. ಕೆಲವು ಓಕ್ ಮರದ ಮುಚ್ಚಳಗಳನ್ನು ಒಬ್ಬರು ಎತ್ತಲಾಗದು, ಕೆಲವು ಸರಪಳಿ ಮತ್ತು ತೂಕದ ಗುಂಡಿನಲ್ಲಿ ಮೇಲಿನಿಂದ ನೇತಾಡುತ್ತವೆ. ಸಫೋಕ್‌ನ ಅಫರ್ಡ್ ಚರ್ಚಿನ ಮುಚ್ಚಳ ಸುಮಾರು 18 ಅಡಿ ಎತ್ತರದ ಮರದ ಗೋಪುರ. ಕೆಳಗಿನ ಭಾಗ ಮೇಲಿನ ಭಾಗದ ಮೇಲೆ ಜಾರಿಕೊಂಡು ಏರುವಂತೆ ಅದನ್ನು ಮಾಡಿದ್ದಾರೆ. ಒಳಗೆ ನೋಡಲೇಬೇಕಿದ್ದರೆ ಚರ್ಚಿನ ಕಟ್ಟಡ, ಸಾಮಾನು ನೋಡಿಕೊಳ್ಳುವ ಚರ್ಚ್‌ವಾರ್ಡನ್‌ಗೆ ಮೊದಲೇ ಬರೆಯಿರಿ. ಇಂಥ ಕೋರಿಕೆಗೆ ಅವರು ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ.

ಮುಚ್ಚಳ ಇದ್ದರೂ ಅಂಚಿನ ಹೊರಬದಿ ಕಾಣುತ್ತದೆ. ಅಲ್ಲಿ ಎದುರುಬದುರು ಎರಡು ಜಾಗ ಹುಡುಕಿ: ಕಲ್ಲು ಒಡೆದು ಹೋಗಿರುವುದು, ಬೇರೆ ಬಣ್ಣದ ಕಲ್ಲಿನ ತೇಪೆ, ತುಕ್ಕಿನ ಕಂದು ಕಲೆ, ಅಥವಾ ಸೀಸ ಎರಕ ಹೊಯ್ದ ಸಣ್ಣ ಬೂದು ಕುಳಿ. ಬೀಗ ಹಾಕುತ್ತಿದ್ದ ಕೊಂಡಿಗಳ ಗುರುತು ಅದು.

ಕುಡಿಯಲು ಬಾರದ ಈ ನೀರಿಗೆ ಬೀಗ ಏಕೆ ಬೇಕಾಯಿತು ಎಂಬುದಕ್ಕೆ ಲೆಕ್ಕ ಮಾಡಿ ನೋಡಿ. ಮಗುವನ್ನು ನೀರಲ್ಲಿ ಮುಳುಗಿಸುತ್ತಿದ್ದ ಕಾಲದ ತೊಟ್ಟಿಯ ಒಳಬಾಯಿ ಒಂದೂವರೆಯಿಂದ ಎರಡು ಅಡಿ ಅಗಲ, ಆಳ ಒಂದು ಅಡಿಯ ಆಸುಪಾಸು. 55 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ನೆಟ್ಟಗಿನ ತೊಟ್ಟಿ ಹಿಡಿಯುವುದು ಸುಮಾರು 70 ಲೀಟರ್, ನಮ್ಮ ಲೆಕ್ಕದಲ್ಲಿ ನಾಲ್ಕೈದು ಕೊಡ. ಈ ನೀರನ್ನು ಈಸ್ಟರ್ ಮತ್ತು ಪೆಂತೆಕೊಸ್ತ್ ಹಬ್ಬಗಳ ಹಿಂದಿನ ದಿನ ಪವಿತ್ರ ತೈಲ ಬೆರೆಸಿ ಮಂತ್ರಿಸುತ್ತಿದ್ದರು. ಹುಟ್ಟಿದ ಮಗು ಸಾಯುವ ಭಯ ದಿನವೂ ಇದ್ದ ಕಾಲ, ಹಾಗಾಗಿ ನೀರು ಯಾವಾಗಲೂ ಸಿದ್ಧವಿರಬೇಕು. ವಾರಗಟ್ಟಲೆ ಅದೇ ನೀರು ನಿಲ್ಲುತ್ತಿತ್ತು. ಮಾಟ ಮಂತ್ರಕ್ಕೆ, ಕಾಯಿಲೆಯ ದನಕ್ಕೆ, ಬೆಳೆಗೆ ಎಂದು ಅದನ್ನು ಕದ್ದೊಯ್ಯುವವರಿದ್ದರು. 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ರಿಚ್ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಹಾಕಬೇಕೆಂದು ಆಜ್ಞೆ ಹೊರಡಿಸಿದರು. ಕಲ್ಲಿನಲ್ಲಿ ತೂತು ಕೊರೆದು, ಕಬ್ಬಿಣದ ಕೊಂಡಿ ಇಳಿಸಿ, ಕರಗಿದ ಸೀಸ ಹೊಯ್ದು ಗಟ್ಟಿ ಮಾಡಿದರು. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಊದಿಕೊಂಡು ಸುತ್ತಲಿನ ಕಲ್ಲನ್ನು ಸೀಳುತ್ತದೆ. ಮುಂದೆ 16ನೇ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ಪೋಪರಿಂದ ಬೇರೆಯಾದ ಧರ್ಮಸುಧಾರಣೆಯಾಗಿ ಬೀಗ ಬೇಡವಾದಾಗ ಕೊಂಡಿಗಳನ್ನು ಕಿತ್ತರು, ಆಗ ಅಂಚಿನ ಒಂದು ತುಂಡೂ ಜೊತೆಗೆ ಬಂತು. ನೀವು ನೋಡುತ್ತಿರುವ ತೇಪೆ ಈ ಎರಡರಲ್ಲಿ ಒಂದರ ಫಲ.

ಗುರುತು ಇದ್ದರೆ, ತೊಟ್ಟಿ ಧರ್ಮಸುಧಾರಣೆಗಿಂತ ಹಿಂದಿನದು ಎನ್ನಲು ಬಲವಾದ ಆಧಾರ ಸಿಕ್ಕಿತು. ಗುರುತು ಇಲ್ಲದಿದ್ದರೆ ಅವಸರದ ತೀರ್ಮಾನ ಬೇಡ. 19ನೇ ಶತಮಾನದಲ್ಲಿ ಅಂಚನ್ನು ಒಂದೆರಡು ಇಂಚು ಕೊಯ್ದು ಸಮ ಮಾಡಿದ ತೊಟ್ಟಿಗಳೂ ಇವೆ. ಮೇಲಂಚಿಗೆ ತಾಗಿದ ಕೆತ್ತನೆ ಅರ್ಧಕ್ಕೇ ತುಂಡಾದಂತಿದ್ದರೆ ಆಗಿರುವುದು ಅದೇ.

ಒಳಭಾಗ ನೋಡಲು ಸಿಕ್ಕರೆ ಸೀಸದ ತಗಡಿನ ಹೊದಿಕೆ ಮತ್ತು ತಳದ ತೂತು ಗಮನಿಸಿ. ಕಲ್ಲು ನೀರು ಹೀರುತ್ತದೆ, ಅದಕ್ಕೆ ಸೀಸ. ತೂತಿನಿಂದ ನೀರು ತೊಟ್ಟಿಯ ಕಂಬದೊಳಗೆ ಇಳಿದು ನೆಲದಡಿಯ ಮಣ್ಣಿಗೇ ಸೇರುತ್ತದೆ, ಪವಿತ್ರ ನೀರನ್ನು ಚರಂಡಿಗೆ ಬಿಡಬಾರದೆಂದು. ಸೀಸ ಮಡಚಿದ ಮೂಲೆಯಲ್ಲಿ ಬಿರಿದರೆ ನೀರು ಕಲ್ಲಿನೊಳಗೆ ಇಂಗಿ ಹೊರಮೈಯಲ್ಲಿ ಬಿಳಿ ಉಪ್ಪಿನ ಪುಡಿಯಾಗಿ, ಹಸಿರು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಆ ಬಿಳಿ ಪುಡಿ ಒರೆಸಬೇಡಿ, ಅದರ ಜೊತೆ ಕಲ್ಲಿನ ಮೇಲ್ಪದರವೂ ಉದುರುತ್ತದೆ. ವಾರ್ಡನ್‌ಗೆ ತಿಳಿಸಿದರೆ ಸಾಕು. ಸೀಸ ಮುಟ್ಟಿದರೆ ಕೈ ತೊಳೆಯದೆ ತಿಂಡಿ ತಿನ್ನಬೇಡಿ.

ಕಲ್ಲು ಯಾವುದು

ಕಲ್ಲಿನ ಗುರುತು ಕಣ್ಣಿನಿಂದಲೇ ಆಗಬೇಕು, ಗೀರಿ ನೋಡುವಂತಿಲ್ಲ. ಮೀನಿನ ಮೊಟ್ಟೆಯಂಥ ಸಣ್ಣ ದುಂಡು ಕಣಗಳು ಒತ್ತೊತ್ತಾಗಿದ್ದರೆ ಊಲೈಟ್ ಸುಣ್ಣಕಲ್ಲು, ಬಾತ್ ಪಟ್ಟಣದ ಸುತ್ತಮುತ್ತಲಿನದು ಹೀಗಿರುತ್ತದೆ. ಬೂದು ಅಥವಾ ಹಸಿರು ಬಣ್ಣದ ಕಲ್ಲಿನಲ್ಲಿ ಸಿಹಿನೀರ ಬಸವನಹುಳುವಿನ ಚಿಪ್ಪುಗಳು ಕಂಡರೆ ಡಾರ್ಸೆಟ್ ಕರಾವಳಿಯ ಪರ್ಬೆಕ್. ಕಾರ್ನ್‌ವಾಲ್‌ನಲ್ಲಿ ಗ್ರಾನೈಟ್ ಸಾಮಾನ್ಯ.

ಈಸ್ಟ್ ಮೀಯನ್ ತೊಟ್ಟಿಯ ಕಲ್ಲು ಇವ್ಯಾವುದೂ ಅಲ್ಲ. ನೀಲಿ ಮಿಶ್ರಿತ ಕಪ್ಪು, ಟಾರ್ಚಿನ ಬೆಳಕು ಬಿದ್ದರೆ ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ಇದು ಇಂದಿನ ಬೆಲ್ಜಿಯಂನ ಟೂರ್ನೇ ಪಟ್ಟಣದ ಕಲ್ಲು. ಟೂರ್ನೇ ಮಾರ್ಬಲ್ ಎಂದು ಕರೆದರೂ ನಿಜಕ್ಕೆ ಅಮೃತಶಿಲೆಯಲ್ಲ, ಚೆನ್ನಾಗಿ ಹೊಳಪು ಹಿಡಿಯುವ ಗಟ್ಟಿ ಸುಣ್ಣಕಲ್ಲು. ಸ್ಕೆಲ್ಟ್ ನದಿಯ ದಡದಲ್ಲೇ ಕಲ್ಲುಗಣಿ ಇದ್ದುದರಿಂದ ದೋಣಿಗೆ ಏರಿಸುವುದು ಸುಲಭವಿತ್ತು, ಅಲ್ಲಿಂದ ಸಮುದ್ರ ದಾಟಿ ಇಂಗ್ಲೆಂಡಿಗೆ. ಇಂಥ ತೊಟ್ಟಿಗಳು ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟೇ ಇವೆ, ಅವುಗಳಲ್ಲಿ ನಾಲ್ಕು ಹ್ಯಾಂಪ್‌ಶೈರ್‌ನಲ್ಲಿವೆ: ವಿಂಚೆಸ್ಟರ್ ಕೆಥೆಡ್ರಲ್, ಸೌತಾಂಪ್ಟನ್‌ನ ಸೇಂಟ್ ಮೈಕೇಲ್ಸ್, ಸೇಂಟ್ ಮೇರಿ ಬೋರ್ನ್ ಮತ್ತು ಈಸ್ಟ್ ಮೀಯನ್. 1129ರಿಂದ 1171ರವರೆಗೆ ವಿಂಚೆಸ್ಟರ್ ಬಿಷಪ್ಪರಾಗಿದ್ದ ಬ್ಲುವಾದ ಹೆನ್ರಿ ರಾಜನ ತಮ್ಮ, ಕಲೆಗೆ ಹಣ ಸುರಿದವರು. ಈ ತೊಟ್ಟಿಗಳನ್ನು ತರಿಸಿದ್ದು ಅವರೇ ಇರಬೇಕೆಂಬ ಊಹೆಗೆ ಅದೇ ಕಾರಣ. ಊಹೆಯನ್ನು ಊಹೆ ಎಂದೇ ಬರೆದುಕೊಳ್ಳಿ. ಆದರೆ ಬಿಷಪ್ಪರ ಸ್ವಂತ ಜಹಗೀರಿನ ಹಳ್ಳಿಗೆ ಸಮುದ್ರದಾಚೆಯ ಕಪ್ಪು ಕಲ್ಲು ಬಂದದ್ದು ಆಕಸ್ಮಿಕವೆಂದು ನಂಬುವುದು ಕಷ್ಟ.

ಆಕಾರದಿಂದ ಕಾಲ

ತೊಟ್ಟಿಯನ್ನು ಬಟ್ಟಲು, ಕಂಬ, ಪೀಠ, ಮೆಟ್ಟಿಲು ಎಂದು ಬೇರೆಬೇರೆಯಾಗಿ ನೋಡಿ ಬೇರೆಬೇರೆಯಾಗಿಯೇ ಬರೆಯಿರಿ. ಒಂದೇ ಕಾಲದವೆಂದು ಮೊದಲೇ ಭಾವಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಬಟ್ಟಲು 12ನೇ ಶತಮಾನದ್ದು, ಕಂಬ 15ನೆಯದು, ಮೆಟ್ಟಿಲು 1870ರದ್ದು, ಹೀಗೆ ಇರುವುದೇ ಹೆಚ್ಚು.

ಕಲ್ಬಾನಿಯಂತೆ ನೆಲದ ಮೇಲೇ ಕೂತ ದುಂಡು ತೊಟ್ಟಿ ನಾರ್ಮನ್ ಕಾಲದ್ದು, ಅಪರೂಪಕ್ಕೆ ಇನ್ನೂ ಹಿಂದಿನದು. ಚೌಕ ಬಟ್ಟಲು, ನಡುವೆ ಒಂದು ದಪ್ಪ ಕಂಬ, ನಾಲ್ಕು ಮೂಲೆಗೆ ನಾಲ್ಕು ತೆಳು ಕಂಬ ಇದ್ದರೆ 12ನೇ ಶತಮಾನದ ಉತ್ತರಾರ್ಧ ಅಥವಾ 13ರ ಆರಂಭ. ಟೂರ್ನೇ ತೊಟ್ಟಿಗಳದ್ದೂ ಇದೇ ವಿನ್ಯಾಸ, ಬಟ್ಟಲಿನ ಒಂದೊಂದು ಬದಿ ಸುಮಾರು ಒಂದು ಮೀಟರ್. ಬಕಿಂಗ್‌ಹ್ಯಾಮ್‌ಶೈರ್‌ನ ಏಲ್ಸ್‌ಬರಿ ಸುತ್ತ ಪೂಜೆಯ ಪಾನಪಾತ್ರೆಯಂತೆ ಕಂಠ ಕಿರಿದಾದ ತೊಟ್ಟಿಗಳ ಒಂದು ಗುಂಪೇ ಇದೆ, ಅವು 12ನೇ ಶತಮಾನದ ಕೊನೆಯವು. ಎಂಟು ಮೂಲೆಯ ತೊಟ್ಟಿ ಸಾಮಾನ್ಯವಾಗಿ 14, 15ನೇ ಶತಮಾನದ್ದು. ವಾರದ ಏಳು ದಿನ ಕಳೆದ ಮೇಲಿನ ಎಂಟನೆಯ ದಿನ ಯೇಸು ಎದ್ದು ಬಂದ ದಿನ, ಹೊಸ ಹುಟ್ಟಿನ ಸಂಖ್ಯೆ ಎಂಬ ಭಾವ ಅದರ ಹಿಂದಿದೆ.

ಸೀಸದ ತೊಟ್ಟಿ ಸಿಕ್ಕರೆ ಅದೃಷ್ಟ. ಛಾವಣಿಗೆ, ಬಂದೂಕಿನ ಗುಂಡಿಗೆ ಎಂದು ಕರಗಿಸಿದ ಮೇಲೆ ಉಳಿದಿರುವ ಮಧ್ಯಯುಗದವು ಇಂಗ್ಲೆಂಡಿನಲ್ಲಿ ಸುಮಾರು ಮೂವತ್ತು ಮಾತ್ರ. ಎರಕದ ಅಚ್ಚು ಒಂದೇ ಆದ್ದರಿಂದ ಅದೇ ಚಿತ್ರ ಮರುಕಳಿಸುತ್ತದೆ. ಗ್ಲಾಸ್ಟರ್‌ಶೈರ್‌ನಲ್ಲಿ ಒಂದೇ ಅಚ್ಚಿನಿಂದ ಬಂದ ಹಲವು ತೊಟ್ಟಿಗಳು ಬೇರೆಬೇರೆ ಹಳ್ಳಿಗಳಲ್ಲಿವೆ. ಕೆಂಟ್‌ನ ಬ್ರೂಕ್‌ಲ್ಯಾಂಡ್‌ನದು ಎಲ್ಲಕ್ಕಿಂತ ಸೊಗಸು. ಮೇಲಿನ ಸಾಲಿನಲ್ಲಿ ಹನ್ನೆರಡು ರಾಶಿ, ಕೆಳಗಿನ ಸಾಲಿನಲ್ಲಿ ಆಯಾ ತಿಂಗಳ ಬೇಸಾಯದ ಕೆಲಸ. ಮೀನ, ತುಲಾ, ಧನುಸ್ಸು ಎಂದು ನಾವು ಹೇಳುವ ಅದೇ ರಾಶಿಗಳು, ಕನ್ನಡದವರಿಗೆ ಗುರುತಿಸಲು ಯಾರ ಸಹಾಯವೂ ಬೇಡ. ಸೀಸ ತನ್ನ ಭಾರಕ್ಕೇ ಕುಸಿಯುತ್ತದೆ, ಆದ್ದರಿಂದ ಒರಗುವುದಿರಲಿ, ಬೆರಳಿನಿಂದಲೂ ಒತ್ತಬೇಡಿ.

ಮೋಸ ಹೋಗುವ ಜಾಗಗಳು ಇಲ್ಲಿವೆ. ವಿಕ್ಟೋರಿಯಾ ಕಾಲದವರು ನಾರ್ಮನ್ ಶೈಲಿಯನ್ನು ಬಹಳ ಚೆನ್ನಾಗಿ ಅನುಕರಿಸಿದರು. ಅಂಚು ಚಾಕುವಿನಂತೆ ಚೂಪು, ಎಲ್ಲ ಕಮಾನುಗಳೂ ಮಿಲಿಮೀಟರಿಗೆ ಸಮ, ಬಣ್ಣದ ಹೊಳಪು ಕಲ್ಲಿನ ಪುಟ್ಟ ಕಂಬಗಳು ಕಂಡರೆ ಅನುಮಾನಪಡಿ. 12ನೇ ಶತಮಾನದ ಕುಶಲಕರ್ಮಿ ಕಮಾನುಗಳನ್ನು ಕಣ್ಣಳತೆಯಲ್ಲಿ ಹಾಕುತ್ತಾ ಬಂದು, ಕೊನೆಯದಕ್ಕೆ ಜಾಗ ಸಾಲದೆ ಅದನ್ನು ಕಿರಿದು ಮಾಡಿರುತ್ತಾನೆ. ಅಳತೆಪಟ್ಟಿ ಹಿಡಿದು ಕಮಾನುಗಳ ಅಗಲ ಬರೆದುಕೊಂಡರೆ ಇದು ತಾನಾಗಿ ಹೊರಬರುತ್ತದೆ, ಕೆಲಸ ಎಲ್ಲಿ ಶುರುವಾಯಿತು ಎಂಬುದೂ ಗೊತ್ತಾಗುತ್ತದೆ. ಕೆತ್ತದೆ ಬಿಟ್ಟ ಸಮತಟ್ಟು ಜಾಗದಲ್ಲಿ ಓರೆಯಾದ, ಒರಟಾದ ಉಪಕರಣದ ಗೆರೆ ಇದ್ದರೆ ಅದು ಹಳೆಯ ಮೈ. ಹಳೆಯ ಕಲ್ಲನ್ನೇ ಮತ್ತೆ ಕೆತ್ತಿ ಚೊಕ್ಕ ಮಾಡಿದ್ದನ್ನು ಗುರುತಿಸುವುದು ಇನ್ನೂ ಕಷ್ಟ. ಆಗ ಕೈ ತಲುಪದ ಮೂಲೆ, ಬಟ್ಟಲಿನ ಅಡಿಭಾಗವನ್ನು ಕನ್ನಡಿ ಹಿಡಿದು ನೋಡಿ. ಚೊಕ್ಕ ಮಾಡುವವರು ಅಲ್ಲಿಗೆ ಹೋಗಿರುವುದಿಲ್ಲ.

ತಲೆಕೆಳಗಾದ ಕಲ್ಲುಗಳೂ ಉಂಟು. ಡಾರ್ಸೆಟ್‌ನ ಮೆಲ್ಬರಿ ಬಬ್‌ನಲ್ಲಿ ತೊಟ್ಟಿಯ ಸುತ್ತ ಪ್ರಾಣಿಗಳು ಕಾಲು ಮೇಲಾಗಿ ನಿಂತಿವೆ. ನಾರ್ಮನ್ನರಿಗಿಂತ ಹಿಂದಿನ ಒಂದು ಶಿಲುಬೆಗಂಬದ ತುಂಡನ್ನು ಬುಡಮೇಲು ಮಾಡಿ ಕೊರೆದ ತೊಟ್ಟಿ ಅದು. ಶ್ರಾಪ್‌ಶೈರ್‌ನ ರಾಕ್ಸೆಟರ್‌ನಲ್ಲಿ ರೋಮನ್ ಕಂಬದ ಬುಡವೇ ತೊಟ್ಟಿಯಾಗಿದೆ. ಗ್ಲಾಸ್ಟರ್‌ಶೈರ್‌ನ ಡಿಯರ್‌ಹರ್ಸ್ಟ್‌ನ ಸುರುಳಿ ಕೆತ್ತನೆಯ ತೊಟ್ಟಿಯ ಬಟ್ಟಲು ಒಂದು ಹೊಲಮನೆಯಲ್ಲಿತ್ತು, ಕಂಬ ಬೇರೆಲ್ಲೋ ಸಿಕ್ಕಿತು, 19ನೇ ಶತಮಾನದಲ್ಲಿ ಎರಡೂ ಮತ್ತೆ ಒಂದಾದವು. ದನಕ್ಕೆ ನೀರಿಡುವ ಮರಿಗೆಯಾಗಿ, ತೋಟದ ಹೂಕುಂಡವಾಗಿ ಕಾಲ ಕಳೆದು ಮರಳಿದ ತೊಟ್ಟಿಗಳು ಕಡಿಮೆಯೇನಲ್ಲ. ಅಂಥವುಗಳ ಹೊರಮೈ ಒಂದು ಬದಿಯಲ್ಲಿ ಮಾತ್ರ ಮಳೆಗೆ ಸವೆದಿರುತ್ತದೆ.

ಕೆತ್ತನೆಯ ಸರದಿ

ವೀರಗಲ್ಲನ್ನು ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದಬೇಕೆಂದು ಗೊತ್ತಿರುವವರಿಗೆ, ಕಲ್ಲಿನ ಕಥೆಗೆ ಒಂದು ದಿಕ್ಕು ಇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ತೊಟ್ಟಿಯ ತೊಂದರೆ ಏನೆಂದರೆ ಅದಕ್ಕೆ ಆರಂಭ ಎಲ್ಲಿ ಎಂಬುದು ಸ್ಪಷ್ಟವಿಲ್ಲ, ಜೀರ್ಣೋದ್ಧಾರದಲ್ಲಿ ತಿರುಗಿಸಿ ಇಟ್ಟಿರುವುದೂ ಉಂಟು. ಪೂರ್ವದ ಮುಖಕ್ಕೆ 1 ಎಂದು ಅಂಕಿ ಕೊಟ್ಟು, ಮೇಲಿನಿಂದ ನೋಡಿದಂತೆ ಗಡಿಯಾರದ ದಿಕ್ಕಿನಲ್ಲಿ 2, 3, 4 ಎಂದು ಬರೆಯಿರಿ. ಕಥೆಯ ಅನುಕ್ರಮ ಆಮೇಲೆ ನೋಡಿಕೊಳ್ಳಬಹುದು.

ಟಾರ್ಚನ್ನು ಎದುರಿಗೆ ಹಿಡಿದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಪಕ್ಕಕ್ಕೆ ತಂದು, ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, 15ರಿಂದ 20 ಡಿಗ್ರಿ ಓರೆಯಲ್ಲಿ ಬೆಳಕು ಬಿಡಿ. ಮೊದಲು ಎಡದಿಂದ, ಆಮೇಲೆ ಬಲದಿಂದ, ಮೇಲಿನಿಂದ. ಒಂದು ದಿಕ್ಕಿನ ಬೆಳಕಲ್ಲಿ ಬರಿಯ ಉಬ್ಬು ಅನಿಸಿದ್ದು ಇನ್ನೊಂದು ದಿಕ್ಕಿನಲ್ಲಿ ಬೆರಳಾಗುತ್ತದೆ. ಟೂರ್ನೇ ಕಲ್ಲಿನ ಹೊಳಪು ಬೆಳಕನ್ನು ಕಣ್ಣಿಗೇ ತಿರುಗಿಸುವುದರಿಂದ ಟಾರ್ಚಿನ ಬಾಯಿಗೆ ತೆಳು ಬಿಳಿ ಕಾಗದ ಹಿಡಿಯಬೇಕು.

ಈಸ್ಟ್ ಮೀಯನ್‌ನ ಎರಡು ಬದಿಗಳಲ್ಲಿ ಕಮಾನುಗಳ ಸಾಲು, ಅದರ ಮೇಲೆ ಹಕ್ಕಿ ಮತ್ತು ಮೃಗಗಳ ಪಟ್ಟಿ. ಇನ್ನೆರಡು ಬದಿಗಳಲ್ಲಿ ಆದಾಮ ಮತ್ತು ಹವ್ವಳ ಕಥೆ. ಸೃಷ್ಟಿ, ಮರಕ್ಕೆ ಸುತ್ತಿಕೊಂಡ ಸರ್ಪ, ಹಣ್ಣು, ಆಮೇಲೆ ಏದೆನ್ ತೋಟದಿಂದ ಹೊರಹಾಕುವ ದೇವದೂತ. ಸ್ವರ್ಗವನ್ನು ತೋಟವಾಗಿ ಅಲ್ಲ, ಕಮಾನುಗಳಿರುವ ಕಟ್ಟಡವಾಗಿ ಕೆತ್ತಿದ್ದಾನೆ, ಬಿಡಿಸಿದವನ ಊರಿನಲ್ಲಿ ಭವ್ಯವಾದದ್ದೆಂದರೆ ಕಟ್ಟಡವೇ. ಅಲ್ಲಿಂದ ಕಣ್ಣು ಪಕ್ಕಕ್ಕೆ ಸರಿಸಿದರೆ ಇಡೀ ತೊಟ್ಟಿಯಲ್ಲೇ ಅತ್ಯಂತ ಆರ್ದ್ರವಾದ ದೃಶ್ಯ ಸಿಗುತ್ತದೆ. ದೇವದೂತ ಗುದ್ದಲಿ ಹಿಡಿದು ಆದಾಮನಿಗೆ ಅಗೆಯುವುದು ಹೇಗೆಂದು ತೋರಿಸಿಕೊಡುತ್ತಿದ್ದಾನೆ. ಪಕ್ಕದಲ್ಲಿ ಹವ್ವ ನೂಲು ತೆಗೆಯುತ್ತಿದ್ದಾಳೆ. ಬೈಬಲ್ಲಿನಲ್ಲಿ ಹೊರಹಾಕಿದ ಮಾತಿದೆ, ಕೆಲಸ ಕಲಿಸಿದ ಮಾತಿಲ್ಲ. ಹೊಲ ಅಗೆದು, ಉಣ್ಣೆ ನೂತು ಬದುಕುತ್ತಿದ್ದ ಹಳ್ಳಿಯವರು ಮಗುವನ್ನು ಎತ್ತಿಕೊಂಡು ಬಂದು ನಿಲ್ಲುತ್ತಿದ್ದದ್ದು ಈ ಚಿತ್ರದ ಮುಂದೆ. ಇಲ್ಲಿ ಕಡೇಪಕ್ಷ ಹತ್ತು ನಿಮಿಷ ನಿಲ್ಲಿ.

ವಿಂಚೆಸ್ಟರ್ ಕೆಥೆಡ್ರಲ್‌ನ ತೊಟ್ಟಿಯಲ್ಲಿ ಸಂತ ನಿಕೊಲಸರ ಕಥೆಗಳಿವೆ. ವರದಕ್ಷಿಣೆಗೆ ದುಡ್ಡಿಲ್ಲದ ಮೂವರು ಹೆಣ್ಣುಮಕ್ಕಳಿಗೆ ಚಿನ್ನ ಕೊಡುವ ದೃಶ್ಯವಿದೆ. ಅಲ್ಲಿನ ಹಡಗಿನ ಹಿಂತುದಿ ತಪ್ಪದೆ ನೋಡಿ, ಹಿಂಬದಿಯ ಕಂಬಕ್ಕೆ ಕೂಡಿಸಿದ ಚುಕ್ಕಾಣಿಯ ಅತಿ ಹಳೆಯ ಚಿತ್ರಗಳಲ್ಲಿ ಅದೊಂದು.

ನಾರ್ಫೋಕ್, ಸಫೋಕ್ ಕಡೆ ಹೋದರೆ ಎಂಟು ಮುಖದ ‘ಸಪ್ತ ಸಂಸ್ಕಾರ’ ತೊಟ್ಟಿಗಳು ಸಿಗುತ್ತವೆ. ಸುಮಾರು ನಲವತ್ತು ಉಳಿದಿವೆ, ಅವುಗಳಲ್ಲಿ ಎರಡನ್ನು ಬಿಟ್ಟು ಎಲ್ಲವೂ ಆ ಭಾಗದವೇ. ಏಳು ಮುಖಕ್ಕೆ ಏಳು ಸಂಸ್ಕಾರ, ಎಂಟನೆಯದರಲ್ಲಿ ಬಹಳ ಸಲ ಶಿಲುಬೆ ಅಥವಾ ಯೇಸುವಿನ ದೀಕ್ಷಾಸ್ನಾನ. ಆಕೃತಿಗಳ ಮೋರೆಗಳನ್ನು ಬಹಳ ಕಡೆ ಉಳಿಯಿಂದ ಚಚ್ಚಿರುವುದರಿಂದ ವಸ್ತುಗಳನ್ನು ನೋಡಿ ಗುರುತಿಸಬೇಕು. ಹಾಸಿಗೆಯ ಮೇಲೆ ಮಲಗಿದವನಿದ್ದರೆ ಅಂತ್ಯಾಭ್ಯಂಗ, ಅಂದರೆ ಸಾಯುವವರಿಗೆ ತೈಲ ಹಚ್ಚುವ ವಿಧಿ. ಕೈಗೆ ಕೈ ಸೇರಿದ್ದರೆ ಮದುವೆ. ಪಾದ್ರಿ ನಮಗೆ ಬೆನ್ನು ಮಾಡಿ ಎರಡೂ ಕೈ ಎತ್ತಿದ್ದರೆ ಬಲಿಪೂಜೆ. ಒಬ್ಬ ಮಂಡಿಯೂರಿ ಇನ್ನೊಬ್ಬ ಕುಳಿತಿದ್ದರೆ ಪಾಪನಿವೇದನೆ. ಬಿಷಪ್ಪರ ಕಿರೀಟ ಎರಡು ಕಡೆ ಬರುತ್ತದೆ: ಎದುರಿಗೆ ಎಳೆಮಕ್ಕಳಿದ್ದರೆ ದೃಢೀಕರಣ (ದೀಕ್ಷಾಸ್ನಾನವನ್ನು ಗಟ್ಟಿಗೊಳಿಸುವ ವಿಧಿ), ದೊಡ್ಡವರಿದ್ದರೆ ಯಾಜಕದೀಕ್ಷೆ. ತೊಟ್ಟಿಯೇ ಕಂಡರೆ ದೀಕ್ಷಾಸ್ನಾನ, ಸಂದೇಹವೇ ಇಲ್ಲ. ನಾರ್ಫೋಕ್‌ನ ಸ್ಲೋಲಿಯಲ್ಲಿ ಕೆತ್ತನೆ ಚೆನ್ನಾಗಿ ಉಳಿದಿದೆ, ಸಫೋಕ್‌ನ ವೆಸ್ಟ್‌ಹಾಲ್‌ನಲ್ಲಿ ಬಣ್ಣವೂ ಉಳಿದಿದೆ. ನಾರ್ಫೋಕ್‌ನ ಈಸ್ಟ್ ಡಿಯರಂ ತೊಟ್ಟಿಯ 1468ರ ಖರ್ಚು ಚರ್ಚಿನ ಲೆಕ್ಕದಲ್ಲೇ ಇದೆ.

ಗಾಯಗಳನ್ನು ದಿನಾಂಕದಂತೆ ಓದಿ. 1547ರಲ್ಲಿ ಆರನೆಯ ಎಡ್ವರ್ಡ್ ಕಾಲದ ಆಜ್ಞೆಗಳು ಸಂತರ ಚಿತ್ರಗಳ ಮೇಲೆ ಬಿದ್ದವು. 1643, 44ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆಯುತ್ತಿದ್ದಾಗ, ಪಾರ್ಲಿಮೆಂಟಿನ ಕಡೆಯ ವಿಲಿಯಂ ಡೌಸಿಂಗ್ ಕೇಂಬ್ರಿಡ್ಜ್‌ಶೈರ್ ಮತ್ತು ಸಫೋಕ್‌ನ ಚರ್ಚುಗಳನ್ನು ಸುತ್ತಿ, ಒಡೆಸಿದ್ದನ್ನೆಲ್ಲ ಬರೆದಿಟ್ಟ. 1645ರ ಹೊಸ ಆರಾಧನಾ ನಿಯಮ ಹಳೆಯ ತೊಟ್ಟಿಯ ಜಾಗದಲ್ಲಿ ದೀಕ್ಷಾಸ್ನಾನ ಕೂಡದೆಂದಿತು, ಸಭೆಯ ಮುಂದೆ ಬೋಗುಣಿ ಇಟ್ಟರು. 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆ ತೊಟ್ಟಿಗಳೂ ಮರಳಿದವು, ಕಳೆದುಹೋದ ಕಡೆ ಹೊಸದು ಬಂದವು. 1660ರ ದಶಕದ ಇಸವಿ ಕೆತ್ತಿದ ಸರಳ ತೊಟ್ಟಿ ಕಂಡರೆ ಆ ಊರಿನ ಹಳೆಯದಕ್ಕೆ ಏನಾಯಿತೆಂದು ಅಂಗಳದಲ್ಲೂ ಒಮ್ಮೆ ಹುಡುಕಿ. ತಲೆ ಮಾತ್ರ ಹೋಗಿದೆಯೇ, ಕೈ ಮಾತ್ರವೇ, ಎಲೆಬಳ್ಳಿಗೂ ಏಟು ಬಿದ್ದಿದೆಯೇ ನೋಡಿ. ತಲೆ ಮಾತ್ರ ಹೋಗಿದ್ದರೆ ಉದ್ದೇಶಪೂರ್ವಕ. ಒಂದು ಮೂಲೆಯೇ ಹೋಗಿದ್ದರೆ ಬಿದ್ದದ್ದೋ ಸಾಗಿಸುವಾಗ ತಾಗಿದ್ದೋ.

ಅಕ್ಷರಗಳಿದ್ದರೆ ಇದ್ದ ಹಾಗೆಯೇ ನಕಲು ಮಾಡಿ, ಅರ್ಥ ಮಾಡಿಕೊಂಡು ಬರೆಯಬೇಡಿ. ಕಂಬ್ರಿಯಾದ ಬ್ರೈಡ್‌ಕರ್ಕ್ ತೊಟ್ಟಿಯಲ್ಲಿ ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯಲ್ಲಿ ರಿಕಾರ್ತ್ ಎಂಬ ಶಿಲ್ಪಿಯ ಹೆಸರಿದೆ, ಸುತ್ತಿಗೆ ಉಳಿ ಹಿಡಿದ ಒಬ್ಬಾತನ ಚಿತ್ರವೂ ಇದೆ. 12ನೇ ಶತಮಾನದ ಇಂಗ್ಲಿಷ್ ಕುಶಲಕರ್ಮಿಯ ಹೆಸರು ಉಳಿಯುವುದೇ ಅಪರೂಪ.

ಫೋಟೋ ಮತ್ತು ಅಳತೆ

ಮೊದಲ ಚಿತ್ರ ದೂರದಿಂದ, ಬಾಗಿಲೂ ತೊಟ್ಟಿಯೂ ಒಟ್ಟಿಗೆ ಬರುವಂತೆ. ಜಾಗ ಬದಲಾಗಿದೆಯೇ ಎಂಬ ಪ್ರಶ್ನೆ ಮುಂದೆ ಬಂದಾಗ ಅದೇ ಉಪಯೋಗಕ್ಕೆ ಬರುತ್ತದೆ. ಆಮೇಲೆ ಪ್ರತಿ ಮುಖಕ್ಕೆ ಎರಡು, ಎಡಬೆಳಕಲ್ಲಿ ಒಂದು, ಬಲಬೆಳಕಲ್ಲಿ ಒಂದು. ಮೊಬೈಲನ್ನು ಬಟ್ಟಲಿನ ಮಟ್ಟಕ್ಕೆ ಇಳಿಸಿ, ಮಂಡಿಯೂರಿ ತೆಗೆಯಿರಿ. ನಿಂತು ತೆಗೆದರೆ ಆಕೃತಿಗಳು ಕುಳ್ಳಾಗಿ ಕಾಣುತ್ತವೆ. ಫ್ಲ್ಯಾಶ್ ಬೇಡ. ಮೂರು ಆಯಾಮದ ಮಾದರಿ ಮಾಡುವ ಆಸೆಯಿದ್ದರೆ ಮೂರು ಎತ್ತರಗಳಲ್ಲಿ ಸುತ್ತು ಬಂದು 60ರಿಂದ 80 ಚಿತ್ರ, ಪ್ರತಿ ಚಿತ್ರವೂ ಹಿಂದಿನದರ ಮೂರನೇ ಎರಡು ಭಾಗ ಒಳಗೊಂಡಿರಲಿ. ಈ ಸುತ್ತಿನಲ್ಲಿ ಟಾರ್ಚು ಆರಿಸಿ, ನೆರಳು ಜಾಗ ಬದಲಿಸಿದರೆ ಮಾದರಿ ಕೆಡುತ್ತದೆ. ಹೊಳೆಯುವ ಕಪ್ಪು ಕಲ್ಲಿನಲ್ಲಿ ಮೋಡ ಕವಿದ ದಿನವೇ ಒಳ್ಳೆಯದು.

ಅಳತೆಯಲ್ಲಿ ನೆಲದಿಂದ ಅಂಚಿಗೆ ಎತ್ತರ, ಬಟ್ಟಲಿನ ಹೊರ ಅಗಲ, ಅಂಚಿನ ದಪ್ಪ, ಕಂಬದ ಸುತ್ತಳತೆ, ಮೆಟ್ಟಿಲ ಎತ್ತರ ಇಷ್ಟು ಸಾಕು. ಚಿತ್ರದಿಂದ ಊಹಿಸುವುದಕ್ಕಿಂತ ಅಲ್ಲೇ ಬರೆದುಕೊಳ್ಳುವುದು ಮೇಲು.

ಕಾಗದಗಳ ಕಡೆಗೆ

1538ರಲ್ಲಿ ರಾಜ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆಯಂತೆ ಪ್ರತಿ ಪ್ಯಾರಿಷ್‌ನಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆ ಪುಸ್ತಕ ಶುರುವಾಯಿತು. ಹಳೆಯ ಪುಸ್ತಕಗಳು ಈಗ ಹೆಚ್ಚಾಗಿ ಕೌಂಟಿಯ ದಾಖಲೆಗಾರದಲ್ಲಿವೆ, ಹ್ಯಾಂಪ್‌ಶೈರ್‌ನದು ವಿಂಚೆಸ್ಟರ್‌ನಲ್ಲಿದೆ. ತೊಟ್ಟಿಯ ಸುದ್ದಿ ಈ ಪುಸ್ತಕಗಳಿಗಿಂತ ಚರ್ಚ್‌ವಾರ್ಡನ್‌ಗಳ ಖರ್ಚಿನ ಲೆಕ್ಕದಲ್ಲಿ ಸಿಗುವ ಸಂಭವ ಹೆಚ್ಚು: ಸೀಸಕ್ಕೆ ಇಷ್ಟು, ಬೀಗಕ್ಕೆ ಇಷ್ಟು, ಮುಚ್ಚಳಕ್ಕೆ ಬಡಗಿಗೆ ಇಷ್ಟು. ತೊಟ್ಟಿ ಸರಿಸಲು, ರಿಪೇರಿ ಮಾಡಲು ಚರ್ಚಿನ ನ್ಯಾಯವ್ಯವಸ್ಥೆಯಿಂದ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕು. 18, 19ನೇ ಶತಮಾನದ ಫ್ಯಾಕಲ್ಟಿ ಕಡತದಲ್ಲಿ ಹಳೆಯ ನಕ್ಷೆ ಸಿಗಬಹುದು. 1818ರಲ್ಲಿ ಹುಟ್ಟಿದ ಇನ್‌ಕಾರ್ಪೊರೇಟೆಡ್ ಚರ್ಚ್ ಬಿಲ್ಡಿಂಗ್ ಸೊಸೈಟಿಯ ನಕ್ಷೆಗಳು ಲ್ಯಾಂಬೆತ್ ಪ್ಯಾಲೆಸ್ ಗ್ರಂಥಾಲಯದಲ್ಲಿವೆ. ಜೀರ್ಣೋದ್ಧಾರಕ್ಕೆ ಮುಂಚೆ ತೊಟ್ಟಿ ಎಲ್ಲಿತ್ತು ಎಂಬುದಕ್ಕೆ ಅವು ಬಹಳ ಸಹಾಯಕ.

ತಾರೀಕಿನ ವಿಷಯದಲ್ಲಿ ಎಚ್ಚರ. 1752ಕ್ಕಿಂತ ಮೊದಲು ಇಂಗ್ಲೆಂಡಿನ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ‘ಫೆಬ್ರವರಿ 1640’ ಎಂದು ಬರೆದಿದ್ದರೆ ಅದು ನಮ್ಮ ಲೆಕ್ಕದ 1641. ಎರಡನ್ನೂ ಬರೆದಿಡಿ. 1653ರಿಂದ 1660ರವರೆಗಿನ ಪುಟಗಳಲ್ಲಿ ದೀಕ್ಷಾಸ್ನಾನದ ಬದಲು ಹುಟ್ಟಿದ ದಿನವನ್ನಷ್ಟೇ ಬರೆದಿರುತ್ತಾರೆ, ಆಗಿನ ಕಾನೂನು ಹಾಗಿತ್ತು. ಪುಟ ಖಾಲಿಯಿದ್ದರೆ ಮಕ್ಕಳು ಹುಟ್ಟಲಿಲ್ಲವೆಂದಲ್ಲ, 1640ರ ದಶಕದ ಅಂತರ್ಯುದ್ಧದ ವರ್ಷಗಳಲ್ಲಿ ಬಹಳ ಕಡೆ ಬರೆಯುವವರೇ ಇರಲಿಲ್ಲ.

ಎರಡು ದಿನ ಬಿಡುವಿದ್ದರೆ ಮೊದಲ ದಿನ ಈಸ್ಟ್ ಮೀಯನ್ ಮತ್ತು ವಿಂಚೆಸ್ಟರ್ (ಕೆಥೆಡ್ರಲ್‌ಗೆ ಪ್ರವೇಶ ಶುಲ್ಕವಿದೆ). ಎರಡನೆಯ ದಿನ ಸೌತಾಂಪ್ಟನ್‌ನಲ್ಲಿ ವೃತ್ತಗಳೊಳಗೆ ಕೂತ ಮೃಗಗಳು, ಆ್ಯಂಡೋವರ್ ಹತ್ತಿರದ ಸೇಂಟ್ ಮೇರಿ ಬೋರ್ನ್‌ನಲ್ಲಿ ದ್ರಾಕ್ಷಿಬಳ್ಳಿ. ಒಂದೇ ಊರಿನ ಕಲ್ಲು ನಾಲ್ಕು ಕಡೆ ಹೇಗೆ ಬೇರೆಬೇರೆಯಾಯಿತು ಎಂಬುದು ಆಗ ಕಣ್ಣಿಗೆ ಕಟ್ಟುತ್ತದೆ. ಈ ಕ್ರಮದಲ್ಲಿ ಹೋಗುವುದೇ ಒಳ್ಳೆಯದು, ಈಸ್ಟ್ ಮೀಯನ್‌ನ ಆದಾಮನನ್ನು ದಣಿದ ಕಣ್ಣಿನಿಂದ ನೋಡಬಾರದು.

ಹೊರಡುವಾಗ ಸರಿಸಿದ ಕುರ್ಚಿ, ಹೂದಾನಿ ಮೊದಲಿದ್ದ ಜಾಗಕ್ಕೆ ಇಡಿ. ಕಾಣಿಕೆ ಡಬ್ಬಿ ಬಾಗಿಲ ಪಕ್ಕ ಇರುತ್ತದೆ. ಹೊರಬಾಗಿಲಲ್ಲಿ ತಂತಿಬಲೆಯ ಇನ್ನೊಂದು ಬಾಗಿಲಿದ್ದರೆ ಚಿಲಕ ಹಾಕಿದ್ದೀರಾ ಎಂದು ಎರಡು ಸಲ ನೋಡಿ. ಬೇಸಿಗೆಯಲ್ಲಿ ಕವಲುತೋಕೆಯ ಹಕ್ಕಿಗಳು ಒಳಗೆ ನುಗ್ಗಿ ದಾರಿ ತಪ್ಪಿ, ನೀರಿಲ್ಲದೆ ಸಾಯುತ್ತವೆ.